ವೇಗದ ತಿರುವಿಗೆ ಮೂರು ದಾರಿ: ಯಾವುದು ನಿಮಗೆ?

ರೇಸ್ ಟ್ರ್ಯಾಕ್‌ನಲ್ಲಿ ಕಾರು ಓಡಿಸುವಾಗ ವೇಗದ ತಿರುವಿಗೆ ಯಾವ ವಿಧಾನ ಕಲಿಯಲಿ ಅಂತ ಕೇಳಿದ್ದೀರಿ. ನೇರದಲ್ಲೇ ಬ್ರೇಕ್ ಮುಗಿಸಿ ತಿರುಗಬಹುದು. ಬ್ರೇಕನ್ನು ನಿಧಾನವಾಗಿ ಬಿಡುತ್ತಾ ತಿರುವಿನೊಳಗೆ ಹೋಗಬಹುದು, ಇದೇ ಟ್ರೇಲ್ ಬ್ರೇಕಿಂಗ್. ಇಲ್ಲವೇ ಆಕ್ಸಿಲರೇಟರ್ ಮಾತ್ರ ಸ್ವಲ್ಪ ಸಡಿಲಿಸಬಹುದು.

ಕಾರಿನ ಮೂತಿ ಬೇಗ ತಿರುಗಬೇಕು ಅಂದರೆ ಟ್ರೇಲ್ ಬ್ರೇಕಿಂಗೇ ಮುಂದು. ಬ್ರೇಕ್ ಒತ್ತಿದಾಗ ಭಾರ ಮುಂದಿನ ಟೈರ್‌ಗಳ ಮೇಲೆ ಬರುತ್ತದೆ, ಹಿಡಿತ ಹೆಚ್ಚುತ್ತದೆ, ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ಮಾತು ಕೇಳುತ್ತದೆ. ಆದರೆ ಆ ಭಾರ ಹಿಂದಿನಿಂದಲೇ ಬಂದದ್ದು ಅಲ್ವಾ? ಹಿಂಭಾಗ ಹಗುರಾಗಿ ಜಾರಲು ಕಾಯುತ್ತಿರುತ್ತದೆ, ವೇಗ ಜಾಸ್ತಿಯಾದಷ್ಟೂ ಅದನ್ನು ಹಿಡಿಯಲು ಸಿಗುವ ಸಮಯ ಕಡಿಮೆ.

ಕಲಿಯಲು ಸುಲಭ ಮೊದಲನೆಯದು, ನೇರದಲ್ಲೇ ಬ್ರೇಕ್ ಮುಗಿಸುವುದು. ಟೈರ್‌ಗೆ ಒಂದು ಸಲಕ್ಕೆ ಒಂದೇ ಕೆಲಸ, ಮೊದಲು ಬ್ರೇಕ್, ಆಮೇಲೆ ತಿರುವು. ಸ್ವಲ್ಪ ಸಮಯ ಹೋಗುತ್ತದೆ, ಹೋಗಲಿ. ಬ್ರೇಕಿನಿಂದ ಕಾಲನ್ನು ತಟ್ಟನೆ ಮಾತ್ರ ತೆಗೆಯಬೇಡಿ, ಮುಂಭಾಗ ಮೇಲೆದ್ದು ಕಾರು ಹೊರಗೆ ಓಡುತ್ತದೆ.

ಹೊಸಬರಿಗೆ, ಒದ್ದೆ ಟ್ರ್ಯಾಕಿಗೆ ನಾನು ಇದನ್ನೇ ಹೇಳುತ್ತೇನೆ. ಮುಂದಿನ ಚಕ್ರ ಎಳೆಯುವ ಕಾರು ತಿರುವಿನಲ್ಲಿ ಹೊರಗೆ ತಳ್ಳುತ್ತಿದ್ದರೆ ಟ್ರೇಲ್ ಬ್ರೇಕಿಂಗ್ ಕಲಿಯಿರಿ, ಮೊದಲು ನಿಧಾನದ ತಿರುವುಗಳಲ್ಲಿ. ಉದ್ದನೆಯ ಅಗಲ ತಿರುವಿನಲ್ಲಿ ವೇಗ ಸ್ವಲ್ಪವೇ ಇಳಿಸಬೇಕಿದ್ದರೆ ಆಕ್ಸಿಲರೇಟರ್ ಸಾಕು. ಆದರೆ ಸಡಿಲಿಸುವುದು ತಿರುಗುವ ಮೊದಲು, ಆಮೇಲೆ ಹದವಾಗಿ ಮತ್ತೆ ಒತ್ತಿ ಹಿಂದಕ್ಕೆ ಭಾರ ಕೊಡಿ. ತಿರುವಿನ ಮಧ್ಯೆ ಗಾಬರಿಯಿಂದ ಪೂರ್ತಿ ಬಿಟ್ಟರೆ, ಹಿಂದೆ ಎಂಜಿನ್ ಇರುವ ಕಾರಂತೂ ಗಿರ್ರನೆ ತಿರುಗಿಬಿಡಬಹುದು.