ಅಲಿಝರಿನ್ ರೆಡ್ ಕಿಟ್: ವಿದ್ಯುತ್ ತೊರಕೆಯ ಮೇಲೆ ಹೇಗೆ ಕೆಲಸ ಮಾಡುತ್ತದೆ?

ಅಲಿಝರಿನ್ ಎಂದರೆ ಕ್ಯಾಲ್ಸಿಯಂಗೆ ಅಂಟಿ ಕೆಂಪಾಗಿಸುವ ಬಣ್ಣ; ಮೂಳೆಯ ಮೇಲೆ ಯಾವ ಅಲಿಝರಿನ್ ಹಾಕಿದರೂ ಕೆಂಪಗಾಗುತ್ತದೆ. ಅದನ್ನಷ್ಟೇ ನೋಡಿ ಐದು ಸ್ಟಾರ್ ಕೊಡುವವರಿಗೆ ದೊಡ್ಡ ನಮಸ್ಕಾರ. ನಾನು ಈ ಅಲಿಝರಿನ್ ರೆಡ್ ಎಸ್ ಕಿಟ್ ತರಿಸಿದ್ದು ವಿದ್ಯುತ್ ತೊರಕೆ ಮೀನಿನ ವಿದ್ಯುದಂಗದಲ್ಲಿ (ವಿದ್ಯುತ್ ಹುಟ್ಟಿಸುವ ಅಂಗದಲ್ಲಿ) ಕ್ಯಾಲ್ಸಿಯಂ ಕಾಳು ಕೂತಿದೆಯೇ ಎಂದು ನೋಡಲು. ತಯಾರಿಸಿದವರು ಇಂಥ ಗಿರಾಕಿಯನ್ನು ಕನಸಲ್ಲೂ ಎಣಿಸಿರಲಿಕ್ಕಿಲ್ಲ.

ಈ ಅಂಗ ಸೆಕ್ಷನ್ (ಸೂಕ್ಷ್ಮದರ್ಶಕದಲ್ಲಿ ನೋಡುವ ತೆಳು ಹಾಳೆ) ಕತ್ತರಿಸುವವರ ಸಹನೆ ಪರೀಕ್ಷಿಸುತ್ತದೆ. ತಲೆಯ ಎರಡು ಬದಿಗೂ ಮೂತ್ರಪಿಂಡದ ಆಕಾರದ ಒಂದೊಂದು ಗಡ್ಡೆ. ಅದರೊಳಗೆ ನಾಣ್ಯ ಪೇರಿಸಿಟ್ಟಂತೆ ಚಪ್ಪಟೆ ಕೋಶಗಳ ಕಂಬಗಳು, ನಡುವೆ ಲೋಳೆ. ನೀರಿನಂಶ ಹೆಚ್ಚಿರುವುದರಿಂದ, ಕತ್ತರಿಸಲು ಆಸರೆಯಾಗುವ ಮೇಣವಾದ ಪ್ಯಾರಾಫಿನ್‌ಗೆ ಹೋಗುವಷ್ಟರಲ್ಲಿ ಕುಗ್ಗಿ, ಸ್ಲೈಡ್ ಮೇಲೆ ಸರಿಯಾಗಿ ಅಂಟುವುದೇ ಇಲ್ಲ. ಕಿಟ್ ನನಗೆ ಹಿಡಿಸಿದ್ದು ಇಲ್ಲಿಯೇ. ಬಣ್ಣ ನಿಮಿಷಗಳಲ್ಲಿ ಹತ್ತುತ್ತದೆ. ಆಮೇಲೆ ನೀರು ತೆಗೆದು ಸೆಕ್ಷನ್ ತಿಳಿಯಾಗಿಸಲು ಅಸಿಟೋನ್, ಅಸಿಟೋನ್-ಕ್ಸೈಲೀನ್, ಕ್ಸೈಲೀನ್, ಅಷ್ಟೇ. ಸೆಕ್ಷನ್ ಎದ್ದುಹೋಗಲು ಸಮಯವೇ ಸಿಗುವುದಿಲ್ಲ.

ತಕರಾರು ಬಾಟಲಿಯದ್ದು. ದ್ರಾವಣದ ಪಿಎಚ್ 4.1ರಿಂದ 4.3ರ ನಡುವೆ ಇರಬೇಕು. ಆಮ್ಲ ಹೆಚ್ಚಾದರೆ, ಹುಡುಕುತ್ತಿರುವ ಕ್ಯಾಲ್ಸಿಯಂ ಕರಗಿಹೋಗುತ್ತದೆ. ನನ್ನ ಬಾಟಲಿ ತೆರೆದಾಗ ಸರಿಯಿತ್ತು, ಆಮೇಲೆ ಪಿಎಚ್ ಜಾರತೊಡಗಿತು. ಚೀಟಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಈಗ ಬಳಸುವ ಮುಂಚೆ ಮೀಟರ್ ಅದ್ದುತ್ತೇನೆ, ಬೇಕಾದರೆ ತೆಳು ಅಮೋನಿಯಾ ಹನಿಸುತ್ತೇನೆ.

ಜೊತೆಗೆ ಬಂದ ಕಂಟ್ರೋಲ್ ಸ್ಲೈಡ್ (ಬಣ್ಣ ಸರಿಯಾಗಿ ಹತ್ತುತ್ತದೆಯೇ ಎಂದು ಹೋಲಿಸಿ ನೋಡುವ ಸ್ಲೈಡ್) ನನಗೆ ಬೇಕಾಗಲಿಲ್ಲ. ತೊರಕೆಗೆ ಮೂಳೆ ಇಲ್ಲ, ಮೃದ್ವಸ್ಥಿ ಮಾತ್ರ. ಆದರೆ ಆ ಮೃದ್ವಸ್ಥಿಯ ಮೇಲ್ಪದರದಲ್ಲಿ ಕ್ಯಾಲ್ಸಿಯಂ ಫಾಸ್ಫೇಟಿನ ಪುಟ್ಟ ಹಲಗೆಗಳಿರುತ್ತವೆ. ವಿದ್ಯುದಂಗದ ಪಕ್ಕದ ಕಿವಿರು ಕಮಾನಿನ ಚೂರೊಂದನ್ನು ಅದೇ ಮೇಣದ ಬ್ಲಾಕ್‌ನಲ್ಲಿ ಇಟ್ಟರೆ ಸಾಕು, ಕಿತ್ತಳೆ-ಕೆಂಪು ಅಲ್ಲಿ ಹೊಳೆಯಬೇಕು. ಅಲ್ಲಿ ಬಾರದಿದ್ದರೆ, ಕೋಶಗಳಲ್ಲಿ ಏನೂ ಕಾಣಲಿಲ್ಲ ಎನ್ನುವ ಮಾತಿಗೆ ಬೆಲೆಯಿಲ್ಲ. ಕೋಶಗಳಲ್ಲಿ ಕೆಂಪು ಕಂಡರೂ ನಾನು ಒಪ್ಪುವುದಿಲ್ಲ. ಪಕ್ಕದ ಸೆಕ್ಷನ್ನನ್ನು ಕ್ಯಾಲ್ಸಿಯಂ ಎಳೆದು ತೆಗೆಯುವ ಇಡಿಟಿಎ ದ್ರಾವಣದಲ್ಲಿ ನೆನೆಸಿ ಬಣ್ಣ ಹಾಕಿದಾಗ ಅದೇ ಕೆಂಪು ಮಾಯವಾದರೆ ಮಾತ್ರ ಅದು ಕ್ಯಾಲ್ಸಿಯಂ.

ಬೆಳ್ಳಿಯ ಲವಣ ಬಳಸುವ ವಾನ್ ಕೊಸಾ ವಿಧಾನಕ್ಕಿಂತ ಇದನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅಲ್ಲಿ ಬೆಳ್ಳಿ ಕಪ್ಪಾಗುವುದು ಫಾಸ್ಫೇಟ್, ಕಾರ್ಬನೇಟ್ ಇರುವೆಡೆ. ತೊರಕೆಯ ಚರ್ಮದ ಮೆಲನಿನ್ ಕೂಡ ಕಪ್ಪೇ. ಕಣ್ಣಿಗೆ ಸುಮ್ಮನೆ ಗೊಂದಲ.

'ಎಲ್ಲ ಕ್ಯಾಲ್ಸಿಯಂ ತೋರಿಸುತ್ತದೆ' ಎಂಬ ಪೆಟ್ಟಿಗೆಯ ಬರಹ ಮಾತ್ರ ಅತಿಯಾಯಿತು. ಈ ಅಂಗದ ನರತುದಿಗಳ ಕೋಶಿಕೆಗಳಲ್ಲಿ (ಪುಟ್ಟ ಚೀಲಗಳಲ್ಲಿ) ನರಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್, ಎಟಿಪಿಯ ಜೊತೆ ಕ್ಯಾಲ್ಸಿಯಂ ಕೂಡ ತುಂಬಿರುತ್ತದೆ. ಅದು ಈ ಬಣ್ಣಕ್ಕೂ ಬೆಳಕಿನ ಸೂಕ್ಷ್ಮದರ್ಶಕಕ್ಕೂ ಸಿಗುವಂಥದ್ದಲ್ಲ. ಮೈಟೋಕಾಂಡ್ರಿಯದೊಳಗಿನ ಸಣ್ಣ ಕಣಗಳೂ ಅಷ್ಟೇ. ಅವುಗಳಿಗಾಗಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕಡೆ ಹೋಗಿ, ಈ ಕಿಟ್ ಬೇಡ. ಗಟ್ಟಿಯಾಗಿ ಕೂತ ಕಾಳುಗಳಿಗಾದರೆ ಐದಕ್ಕೆ ಮೂರೂವರೆ ಕೊಡುತ್ತೇನೆ.

ಕೊಳ್ಳುವವರು ಗಮನಿಸಿ: ಫಿಕ್ಸೇಟಿವ್ (ಅಂಗಾಂಶ ಕೆಡದಂತೆ ಇಡುವ ದ್ರಾವಣ) ಇದರಲ್ಲಿ ಬರುವುದಿಲ್ಲ. ಬಫರ್ (ಪಿಎಚ್ ಹಿಡಿದಿಡುವ ಲವಣ) ಇಲ್ಲದ ಹಳೆಯ ಫಾರ್ಮಲಿನ್‌ನಲ್ಲಿ ಫಾರ್ಮಿಕ್ ಆಮ್ಲ ಹುಟ್ಟಿರುತ್ತದೆ. ಅದರಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಮೀನಿನ ಮೇಲೆ ಇದನ್ನು ಸುರಿದು ಕಂಪನಿಯನ್ನು ಬೈಯಬೇಡಿ.