ನೇಪಾಳವೋ, ಭೂತಾನೋ?

ದೇಶದ ಹೊರಗೆ ಹಿಮಾಲಯ ನೋಡಬೇಕು, ವೀಸಾದ ತಲೆನೋವು ಬೇಡ ಅನ್ನೋರು ಕೊನೆಗೆ ಈ ಎರಡರಲ್ಲೇ ಒಂದನ್ನು ಆರಿಸುತ್ತಾರೆ. ನಾನು ಎರಡೂ ಕಡೆ ಸುತ್ತಿದ್ದೇನೆ. ನನ್ನ ಓಟು ನೇಪಾಳಕ್ಕೆ.

ಬೆಟ್ಟದ ಮಾತಿಗೆ ಬಂದರೆ ಪೈಪೋಟಿಯೇ ಇಲ್ಲ. 8,000 ಮೀಟರ್ ದಾಟಿದ 14 ಶಿಖರಗಳಲ್ಲಿ 8 ನೇಪಾಳದ ಒಳಗೋ ಗಡಿಯಲ್ಲೋ ಇವೆ. ಪೋಖರಾದಲ್ಲಿ ಮೋಡ ಸರಿದರೆ ಸಾಕು, ಮೀನಿನ ಬಾಲದಂಥ ಮಚ್ಛಪುಚ್ಛ್ರೆ ಹೋಟೆಲ್ ಟೆರೇಸಿನಿಂದಲೇ ಕಾಣುತ್ತದೆ. ಭೂತಾನಿನಲ್ಲಿ ಶಿಖರಗಳು ದೇವರ ಜಾಗ. 2003ರಿಂದ ಪರ್ವತಾರೋಹಣಕ್ಕೇ ನಿಷೇಧ. ಅದರ ಬದಲು ಕಾಡು ನೋಡಿ. ಶೇ 60ರಷ್ಟು ನೆಲ ಕಾಡಾಗಿಯೇ ಉಳಿಯಬೇಕೆಂದು ಸಂವಿಧಾನದಲ್ಲೇ ಬರೆದುಕೊಂಡ ದೇಶ ಅದು.

ನೇಪಾಳದಲ್ಲಿ ಸುಮಾರು 3 ಕೋಟಿ ಜನ. ಭೂತಾನಿನಲ್ಲಿ 8 ಲಕ್ಷವೂ ಇಲ್ಲ, ನಮ್ಮ ಮೈಸೂರಿಗಿಂತ ಕಡಿಮೆ. ಕಠ್ಮಂಡುವಿನ ಧೂಳು, ಹಾರ್ನ್ ಸದ್ದಿನಿಂದ ಸುಸ್ತಾದವರಿಗೆ ಥಿಂಪು ಸ್ವರ್ಗ. ಅಲ್ಲಿ ಟ್ರಾಫಿಕ್ ಸಿಗ್ನಲ್ಲೇ ಇಲ್ಲ. ಬಣ್ಣದ ಚಿತ್ತಾರದ ಗೂಡಿನಲ್ಲಿ ನಿಂತ ಪೊಲೀಸರು ಬಿಳಿ ಕೈಗವಸು ಹಾಕಿಕೊಂಡು ನೃತ್ಯದ ಹಾಗೆ ಕೈಯಾಡಿಸುತ್ತಾರೆ. ಗಾಡಿಗಳು ಸುಮ್ನೆ ನಿಲ್ಲುತ್ತವೆ!

ಆದರೆ ಆ ನೆಮ್ಮದಿಗೆ ದುಡ್ಡು ತೆರಬೇಕು. ಭಾರತೀಯರಿಗೆ ತಲೆಗೆ ರಾತ್ರಿಗೆ 1,200 ರೂಪಾಯಿ ಶುಲ್ಕ. ಹೋಟೆಲು, ಕಾರು ಬೇರೆ. ನೇಪಾಳದಲ್ಲಿ ಅಂಥದ್ದೇನೂ ಇಲ್ಲ. ನಮ್ಮ 100 ರೂಪಾಯಿ ಅಲ್ಲಿ 160. ಹೀಗಾಗಿ ಬಿಲ್ ನೋಡಿ ಗಾಬರಿಯಾಗಬೇಡಿ. ದಾಲ್ ಭಾತ್ ತಟ್ಟೆ ಖಾಲಿಯಾಗುವಷ್ಟರಲ್ಲಿ ಮತ್ತೆ ಅನ್ನ, ಬೇಳೆ ಬಡಿಸುತ್ತಾರೆ. ಭೂತಾನಿನ ಎಮಾ ದಾತ್ಶಿಯಲ್ಲಿ ಮೆಣಸಿನಕಾಯಿ ಒಗ್ಗರಣೆಗಲ್ಲ, ಅದೇ ತರಕಾರಿ. ಚೀಸಿನಲ್ಲಿ ಬೆಂದಿದ್ದರೂ ಕಿವಿ ಬಿಸಿಯಾಗುತ್ತದೆ. ರುಚಿಯ ಲೆಕ್ಕದಲ್ಲಿ ಭೂತಾನ್ ಗೆದ್ದದ್ದು ಇಲ್ಲೇ.

ಹೊಟ್ಟೆಪಾಡಿನ ಕಥೆ ಎರಡೂ ಕಡೆ ಅಷ್ಟು ಸಲೀಸಲ್ಲ. ಭೂತಾನ್ ಭಾರತಕ್ಕೆ ಜಲವಿದ್ಯುತ್ ಮಾರುತ್ತದೆ, ಆದರೂ ಅಲ್ಲಿನ ಯುವಕರು ಆಸ್ಟ್ರೇಲಿಯಾ ವಿಮಾನ ಹತ್ತುತ್ತಿದ್ದಾರೆ. ನೇಪಾಳ ನಡೆಯುವುದೇ ಕೊಲ್ಲಿ ದೇಶ, ಮಲೇಷ್ಯಾದಿಂದ ಬರುವ ಹಣದ ಮೇಲೆ. ಕಠ್ಮಂಡು ವಿಮಾನ ನಿಲ್ದಾಣದಲ್ಲಿ ಆ ಹುಡುಗರ ಸಾಲು ನೋಡಿದರೆ ಗೊತ್ತಾಗುತ್ತದೆ.

ಭೂತಾನಿಗಿರುವ 'ಸಂತೋಷದ ದೇಶ' ಅನ್ನುವ ಹೆಸರನ್ನು ನಾನಂತೂ ಪೂರ್ತಿ ನುಂಗಲಾರೆ. 1990ರ ದಶಕದಲ್ಲಿ ನೇಪಾಳಿ ಮಾತಾಡುವ ಲಕ್ಷದಷ್ಟು ಜನ ಭೂತಾನ್ ಬಿಟ್ಟು ಬಂದು ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಬಿದ್ದಿದ್ದರು. ಟೂರ್ ಗೈಡ್‌ಗಳು ಇದನ್ನು ಎತ್ತುವುದಿಲ್ಲ. ನೇಪಾಳ ತನ್ನ ಗಲಾಟೆಯನ್ನು ಮುಚ್ಚಿಡುವುದಿಲ್ಲ, ನನಗೆ ಹಿಡಿಸಿದ್ದು ಅದೇ. ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು ಅನ್ನುವುದೂ ಒಂದು ಸಲುಗೆ ಅಲ್ವಾ?

ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದು, ಕೈಯಲ್ಲಿ ಕಾಸಿದ್ದರೆ ಭೂತಾನ್‌ಗೆ ಹೋಗಿ. ಪಾರೋದ ತಕ್ತ್ಸಂಗ್ ಮಠ ಮಾತ್ರ ಅವರಿಗೆ ಕೆಳಗಿನಿಂದ ತೋರಿಸಿ, ಏರು ಜಾಸ್ತಿ. ಎಲ್ಲಿಗೇ ಹೋದರೂ ಆಧಾರ್ ಒಂದನ್ನೇ ನಂಬಬೇಡಿ, ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇಟ್ಟುಕೊಳ್ಳಿ.