ಪವರ್ ಸೀಟು ಕೆಟ್ಟಾಗ ಕೈಗೆತ್ತಿಕೊಳ್ಳಬೇಕಾದ್ದು ಯಾವುದು: ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್, ಸ್ಕ್ಯಾನರ್

ಮುಂಬೈ ಮಳೆಗಾಲದಲ್ಲಿ ಒದ್ದೆ ಚಪ್ಪಲಿಯ ನೀರು, ಕೊಡೆಯ ನೀರು ಎಲ್ಲ ಇಳಿಯುವುದು ಕಾರಿನ ಕಾರ್ಪೆಟ್ಟಿಗೆ. ಪವರ್ ಸೀಟಿನ (ಸ್ವಿಚ್ ಒತ್ತಿದರೆ ಮೋಟಾರಿನಿಂದ ಸರಿಯುವ ಸೀಟಿನ) ಕಪ್ಲರ್, ಅಂದರೆ ವೈರು ಜೋಡಿಸುವ ಪ್ಲಗ್, ಇರುವುದೂ ಅಲ್ಲೇ. ಹಾಗಾಗಿ ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಹಳೇ ಮೋಟಾರು ಹುಡುಕುವ ಮುಂಚೆ ಕಪ್ಲರ್ ಪಿನ್ನಿಗೆ ಹಸಿರು ಕಿಲುಬು ಹಿಡಿದಿದೆಯೇ ನೋಡಿ.

ಸೀಟಿನಡಿಯ ಹಳದಿ ಕಪ್ಲರ್ ಏರ್‌ಬ್ಯಾಗಿನದು. ಅದಕ್ಕೆ ಮೀಟರನ್ನಾಗಲಿ ಬಲ್ಬನ್ನಾಗಲಿ ಮುಟ್ಟಿಸಲೇಬೇಡಿ. ಸೀಟು ಬಿಚ್ಚುವುದಾದರೆ ಬ್ಯಾಟರಿಯ ನೆಗೆಟಿವ್ ಕಳಚಿ ಹತ್ತು ನಿಮಿಷ ಕಾಯಿರಿ.

ಯಾವ ಸಾಧನವೂ ಬೇಡದ ಪರೀಕ್ಷೆಯೊಂದಿದೆ. ಕತ್ತಲಲ್ಲಿ ಒಳದೀಪ ಹಚ್ಚಿ ಸೀಟಿನ ಸ್ವಿಚ್ ಒತ್ತಿ. ದೀಪ ತುಸು ಮಂಕಾದರೆ ಕರೆಂಟು ಮೋಟಾರಿಗೆ ಹೋಗುತ್ತಿದೆ, ಸೀಟು ಜಾರುವ ಹಳಿಯಲ್ಲಿ ನಾಣ್ಯವೋ ಬಾಟಲಿಯೋ ಸಿಕ್ಕಿಕೊಂಡಿರಬಹುದು. ಮಂಕಾಗದೆ ಸದ್ದೂ ಬರದಿದ್ದರೆ ಮೊದಲು ಫ್ಯೂಸ್ ನೋಡಿ (ಹಲವು ಕಾರುಗಳಲ್ಲಿ 30 ಆಂಪಿಯರಿನದು), ಆಮೇಲೆ ವೈರಿಂಗ್.

ವೈರಿಂಗಿನ ವಿಷಯದಲ್ಲಿ ನನ್ನ ಮತ ಟೆಸ್ಟ್ ಲ್ಯಾಂಪಿಗೆ. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರು ಬೆಸೆದು ಕ್ಲಿಪ್ ಹಾಕಿದರೆ ಸಾಕು, ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಮಲ್ಟಿಮೀಟರ್ ಕರೆಂಟು ಎಳೆಯುವುದೇ ಇಲ್ಲ ಎನ್ನಬಹುದು. ಅದರಿಂದಾಗಿ ಒಂದೇ ಎಳೆ ಉಳಿದ ವೈರಿನಲ್ಲೂ, ಕಿಲುಬು ತಿಂದ ಪಿನ್ನಿನಲ್ಲೂ ನಿಶ್ಚಿಂತೆಯಾಗಿ 12 ವೋಲ್ಟ್ ತೋರಿಸುತ್ತದೆ. ಅದನ್ನು ನಂಬಿ ಒಳ್ಳೇ ಮೋಟಾರನ್ನೇ ಬದಲಿಸುವವರಿದ್ದಾರೆ. ಕಪ್ಲರಿನ ಸಪ್ಲೈ ಮತ್ತು ಅರ್ತ್ (ಕಾರಿನ ಲೋಹದ ಬಾಡಿಗೆ ಸೇರುವ ನೆಗೆಟಿವ್) ಪಿನ್ನುಗಳಿಗೆ ಕೊಟ್ಟಾಗ ಬಲ್ಬು ಮಂಕಾಗಿ ಉರಿದರೆ ದೋಷ ಸಪ್ಲೈ ಅಥವಾ ಅರ್ತ್‌ನಲ್ಲಿದೆ. ಬಲ್ಬಿನ ಅರ್ತ್ ಕಡೆಯ ತುದಿಯನ್ನು ನೇರ ಕಾರಿನ ಲೋಹದ ಬಾಡಿಗೆ ಕೊಟ್ಟಾಗ ಪ್ರಕಾಶ ಬಂದರೆ ಅರ್ತ್‌ನದೇ ತಪ್ಪು. ಈ ಬಲ್ಬು ದಪ್ಪ ವೈರುಗಳಿಗೆ ಮಾತ್ರ. ಮಾಡ್ಯೂಲಿನ (ಸೀಟನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ) ಸಣ್ಣ ಸಿಗ್ನಲ್ ವೈರಿಗೆ ಕೊಟ್ಟರೆ ಮಾಡ್ಯೂಲೇ ಸುಡಬಹುದು.

ಹೀಟರ್ ಇರುವ ಸೀಟು ಕಾಯದಿದ್ದರೆ ಮಾತ್ರ ಲೆಕ್ಕ ತಿರುಗುತ್ತದೆ, ಅಲ್ಲಿ ಮಲ್ಟಿಮೀಟರೇ ಬೇಕು. ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವ ಸಾದಾ ಮೀಟರ್ ಸಾಕು. ಹೀಟರ್ ಪ್ಯಾಡಿನ ಕಪ್ಲರ್ ಕಳಚಿ ಓಮ್ ಅಳೆಯಿರಿ: ಕೆಲವೇ ಓಮ್ ಬಂದರೆ ಸರಿ, ಮೀಟರಿನ ತುದಿಗಳು ಎಲ್ಲೂ ಮುಟ್ಟದಾಗ ತೋರುವುದನ್ನೇ ತೋರಿದರೆ ಒಳಗಿನ ತಂತಿ ಕಡಿದಿದೆ. ಹಿಂದಿನ ಸೀಟಿನ ಸಾಮಾನು ಎತ್ತಲು ಈ ಸೀಟಿನ ಮೇಲೆ ಮಂಡಿಯೂರಿದರೆ ಅದು ಕಡಿಯಬಹುದು. ಕೆಲವು ಕಾರುಗಳಲ್ಲಿ ಕೂರುವ ಭಾಗ, ಒರಗುವ ಭಾಗ ಸರಣಿಯಲ್ಲಿ (ಒಂದೇ ದಾರಿಯಲ್ಲಿ ಒಂದರ ಹಿಂದೊಂದು) ಇರುವುದರಿಂದ ಒಂದು ಹೋದರೆ ಎರಡೂ ತಣ್ಣಗೆ. ಮುಂಬೈ ಬಿಸಿಲಿಗೆ ನಿಂತ ಕಾರಿನಲ್ಲಿ ಹೀಟರ್ ಕೆಟ್ಟಿದೆ ಎಂದು ಆತುರದಲ್ಲಿ ತೀರ್ಮಾನಿಸಬೇಡಿ. ಸೀಟು ಮೊದಲೇ ಕಾದಿದ್ದರೆ ಅದರೊಳಗಿನ ಸೆನ್ಸರ್ ನೋಡಿ ಮಾಡ್ಯೂಲ್ ಹೀಟರಿಗೆ ಕರೆಂಟು ಕಡಿತ ಮಾಡುತ್ತದೆ. ಬೆಳಗಿನ ಹೊತ್ತು ಹೀಟರ್ ಹಾಕಿ ನೋಡಿ.

ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಸಾಮಾನ್ಯವಾಗಿ ಎಂಜಿನ್ ದೋಷದ ಕೋಡಷ್ಟೇ ಓದುತ್ತದೆ, ಸೀಟಿಗೆ ಉಪಯೋಗವಿಲ್ಲ. ಮೆಮೊರಿ ಸೀಟು (ಹೊಂದಿಸಿಟ್ಟ ಸ್ಥಾನವನ್ನು ನೆನಪಿಡುವ ಸೀಟು) ಚೂರುಚೂರೇ ಸರಿದು ನಿಲ್ಲುತ್ತಿದ್ದರೆ ಮೋಟಾರಿನ ಸ್ಥಾನ ಹೇಳುವ ಸಂಕೇತ ಮಾಡ್ಯೂಲಿಗೆ ತಲುಪುತ್ತಿಲ್ಲವೆಂದೇ ಶಂಕಿಸಬೇಕು. ಅಲ್ಲಿ ಸೀಟು, ಬಾಗಿಲಿನಂಥವುಗಳ ಮಾಡ್ಯೂಲನ್ನೂ (ಬಾಡಿ ಮಾಡ್ಯೂಲ್) ಓದಬಲ್ಲ ಸ್ಕ್ಯಾನರ್‌ಗೆ ಹಣ ಕೊಡುವುದು ಸಾರ್ಥಕ.

ಕಿಲುಬು ಸಿಕ್ಕರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ಸವೆದ ಪಿನ್ ಬದಲಿಸಿ. ಎಡಗಡೆ ಸೀಟಿನಡಿ ಮತ್ತೆ ಮತ್ತೆ ಒದ್ದೆಯಾಗುತ್ತಿದ್ದರೆ ಎಸಿಯ ನೀರು ಹೊರಹೋಗುವ ಪೈಪು ಕಟ್ಟಿದೆಯೇ ನೋಡಿ. ಅದನ್ನು ಬಿಡಿಸದೆ ಹೊಸ ಕಪ್ಲರ್ ಹಾಕಿಸಬೇಡಿ.